ಚಿಪ್ಪಿನಲ್ಲಿ ಉಳಿದ ಪಿನ್ನು

ಆ ಶುಕ್ರವಾರ ಬೆಳಿಗ್ಗೆ ಮಾಂಬಳ್ಳಿಯಲ್ಲಿ ನಮ್ಮಜ್ಜಿಯ ಮನೆಯ ಅಂಗಳದಲ್ಲಿ ಇದ್ದವರು ಮೂರು ಜನ. ಗೋಣಿಚೀಲ ಹಾಸಿಕೊಂಡು ಮೋಟರ್‌ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ನಾನು. ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು ನನ್ನ ತಲೆಯ ಮೇಲೇ ನಿಂತಿದ್ದ ನನ್ನ ಸೋದರಮಾವ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಒಮ್ಮೆ ನಮ್ಮನ್ನೂ ಒಮ್ಮೆ ಒಳಗಿನ ಗೋಡೆ ಗಡಿಯಾರವನ್ನೂ ನೋಡುತ್ತಿದ್ದ ಅಜ್ಜಿ. ನಾಲ್ಕನೆಯವಳು ಎದುರುಮನೆಯ ದೊಡ್ಡವ್ವ. ಅವಳು ಬೀದಿಯಾಚೆ ತನ್ನ ಮನೆ ಬಾಗಿಲಲ್ಲೇ ಕೂತಿದ್ದಳು, ಆದರೆ ಮಾತಿನ ಲೆಕ್ಕದಲ್ಲಿ ನಮ್ಮ ಅಂಗಳದಲ್ಲೇ ಇದ್ದಳು.

ಮಾವ ಅವತ್ತು ಹೆಣ್ಣು ನೋಡುವುದಕ್ಕೆ ಹನೂರಿಗೆ ಹೋಗಬೇಕಿತ್ತು. ಅವನಿಗೆ ಆಗ ಮೂವತ್ತೊಂಬತ್ತು. ಇದು ಎಷ್ಟನೆಯ ಹೆಣ್ಣು ಎಂದು ಎಣಿಸುವುದನ್ನು ಮನೆಯವರು ಬಿಟ್ಟು ಎರಡು ವರ್ಷವಾಗಿತ್ತು. ಅವನಲ್ಲಿ ಕುಂದೇನೂ ಇರಲಿಲ್ಲ. ಕಬ್ಬು ಬೆಳೆಯುತ್ತಿದ್ದ, ಬತ್ತ ಬೆಳೆಯುತ್ತಿದ್ದ, ತೆಂಗಿನ ಮರಗಳಿದ್ದವು, ಎಲೆ ಅಡಿಕೆಯ ಅಭ್ಯಾಸವೂ ಇರಲಿಲ್ಲ. ಒಂದು ಕಡೆಯವರು ಹುಡುಗನಿಗೆ ಏನು ಕೆಲಸ ಅಂತ ಕೇಳಿದ್ದರು. ಬೇಸಾಯ ಅಂದಿದ್ದಕ್ಕೆ, "ಅದ್ಸರಿ, ಕೆಲ್ಸ ಏನು?" ಅಂತ ಮತ್ತೆ ಕೇಳಿದ್ದರು. ಮಾವ ಈ ಮಾತನ್ನು ತಾನೇ ನಗುತ್ತ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಅಜ್ಜಿ ಮಾತ್ರ ಒಂದು ಸಲವೂ ಅದಕ್ಕೆ ನಕ್ಕಿರಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಅವನ ತಲೆಯಲ್ಲಿ ಬೆಳ್ಳಗಾಗುತ್ತಿದ್ದ ಕೂದಲನ್ನು ನೋಡುತ್ತಾಳೆ, ಇನ್ನೊಂದು ಸೌಟು ಸಾರು ಹಾಕುತ್ತಾಳೆ. ಅಷ್ಟೇ.

ಹನೂರಿನ ಕಡೆಯವರು ತಾವಾಗಿಯೇ ಹೇಳಿ ಕಳಿಸಿದ್ದರು. ಹುಡುಗಿಗೆ ಮೂವತ್ತಮೂರು, ಬಟ್ಟೆ ಹೊಲಿಯುತ್ತಾಳೆ, ಬೇಸಾಯದ ಮನೆಯಾದರೆ ಅವಳಿಗೆ ಏನೂ ಬೇಜಾರಿಲ್ಲ ಅಂತ. ಅವಳ ಅಪ್ಪ ಲಾರಿ ಡ್ರೈವರು. ಶುಕ್ರವಾರ ಹನ್ನೆರಡು ಗಂಟೆಯ ಮೇಲೆ ಬನ್ನಿ, ಎರಡು ಗಂಟೆಗೆ ತಮಿಳುನಾಡಿನ ಕಡೆ ಲೋಡು ಹೊರಡುತ್ತದೆ, ಹತ್ತಿದರೆ ಹದಿನೈದು ದಿನ ಸಿಗುವುದಿಲ್ಲ ಅಂದಿದ್ದರಂತೆ. ಯಳಂದೂರಿನಲ್ಲಿದ್ದ ನಮ್ಮ ಅಪ್ಪ ಅಮ್ಮ ಹೂವು ಹಣ್ಣು ಹಿಡಿದುಕೊಂಡು ಬಸ್ಸಿನಲ್ಲಿ ಮುಂದಾಗಿ ಹೋಗಿದ್ದರು. ಮಾವ ಮೋಟರ್‌ಸೈಕಲ್ಲಿನಲ್ಲಿ ಹೋಗಿ ಅವರನ್ನು ಸೇರುವುದು ಅಂತ ಮಾತಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಟೈರಿನಲ್ಲಿ ಗಾಳಿ ಇಲ್ಲ. ಗದ್ದೆ ಬದುವಿನ ಜಾಲಿಮುಳ್ಳು ಬುಡದವರೆಗೆ ಇಳಿದಿತ್ತು.

ನಾನು ಆಗ ಅಜ್ಜಿಯ ಮನೆಯಲ್ಲಿದ್ದುಕೊಂಡು ಕೊಳ್ಳೇಗಾಲದ ಒಂದು ಬಿಡಿಭಾಗದ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಇಪ್ಪತ್ನಾಲ್ಕು ವರ್ಷ. ಬೈಕಿನ ಯಾವ ಭಾಗದ ಹೆಸರು ಹೇಳಿದರೂ ಕಣ್ಣು ಮುಚ್ಚಿಕೊಂಡು ಅದರ ಡಬ್ಬಿಗೆ ಕೈ ಹಾಕಬಲ್ಲವನಾಗಿದ್ದೆ. ಆದರೆ ಅದನ್ನು ಬಿಚ್ಚಿ ಹಾಕಿದ ಅನುಭವ ಅಷ್ಟಕ್ಕಷ್ಟೆ. ಅವತ್ತು ಮನೆಯಲ್ಲಿ ನಾನೇ ಮೆಕ್ಯಾನಿಕ್ಕು. ಚಕ್ರ ಬಿಚ್ಚಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಪಂಚರ್ ಅಂಗಡಿಗೆ ಹೋಗಿ, ಅಲ್ಲಿ ಮೂರು ಜನರ ಹಿಂದೆ ಕಾದು, ವಾಪಸು ಬರುವಷ್ಟರಲ್ಲಿ ಹತ್ತು ಹೊಡೆದಿತ್ತು.

"ಪಂಚರ್ ಆಕ್ಸಕ ಓದವ್ನು ಅಲ್ಲೇ ಯಾರ್ನಾದ್ರೂ ಮದ್ವ ಆಗ್ಬುಟ್ನೇನೋ ಅಂದ್ಕಂಡಿದ್ದಿ ಕಣ್ಲಾ," ಅಂದಳು ಎದುರುಮನೆ ದೊಡ್ಡವ್ವ.

"ಮಾವಂದು ಆಗ್ಲಿ ಅಂತ ಬಂದಿ ದೊಡ್ಡವ್ವ," ಅಂದೆ.

ಮಾವ ಬ್ರಷ್ಷು ಕಚ್ಚಿಕೊಂಡೇ ಏನೋ ಅಂದ. ನೊರೆಯಲ್ಲಿ ಗೊತ್ತಾಗಲಿಲ್ಲ. ಒಳ್ಳೆಯ ಮಾತಾಗಿರಲಿಲ್ಲ.

ನಮ್ಮ ಅಂಗಡಿಯ ಯಜಮಾನರು ನನಗೆ ಒಂದು ಅಭ್ಯಾಸ ಮಾಡಿಸಿದ್ದರು. ಏನನ್ನು ಬಿಚ್ಚಿದರೂ ಅದರ ಸಣ್ಣ ಸಾಮಾನೆಲ್ಲ ಒಂದೇ ಕಡೆ ಹಾಕಬೇಕು. ಆ ಪಾತ್ರೆ ಖಾಲಿಯಾಗುವವರೆಗೆ ಕೆಲಸ ಮುಗಿಯಿತು ಅನ್ನಬಾರದು. ನಾನು ಅಜ್ಜಿಯ ಒಲೆ ಮೂಲೆಯಿಂದ ಒಂದು ತೆಂಗಿನ ಚಿಪ್ಪು ತಂದಿಟ್ಟುಕೊಂಡಿದ್ದೆ. ವಾಷರು, ಬ್ರೇಕಿನ ಸ್ಪ್ರಿಂಗು, ಹಿಂದಿನ ಅಚ್ಚಿನ ದಪ್ಪ ನಟ್ಟು ಎಲ್ಲ ಅದರೊಳಗೆ. ಆ ನಟ್ಟಿನ ತಲೆ ಹಲ್ಲುಹಲ್ಲಾಗಿ ಇರುತ್ತದೆ. ಪೂರ್ತಿ ಬಿಗಿದ ಮೇಲೆ ಎರಡು ಹಲ್ಲಿನ ಸಂದಿ ಅಚ್ಚಿನ ತೂತಿಗೆ ಸರಿಯಾಗಿ ಬರಬೇಕು. ಅಲ್ಲಿ ಒಂದು ಪಿನ್ನು ತೂರಿಸಿ ಅದರ ಎರಡು ಕಾಲನ್ನೂ ಅತ್ತ ಇತ್ತ ಮಡಿಚಿದರೆ, ಗಾಡಿ ಎಷ್ಟು ಅದುರಿದರೂ ನಟ್ಟು ತಿರುಗಲಾರದು. ಹಳೆಯ ಪಿನ್ನು ಬಿಚ್ಚುವಾಗಲೇ ಮುರಿದಿತ್ತು. ಹೊಸದೊಂದನ್ನು ನನ್ನ ಅಂಗಡಿ ಚೀಲದಿಂದ ತೆಗೆದು ಚಿಪ್ಪಿಗೆ ಹಾಕಿಟ್ಟೆ.

ಚಕ್ರ ಕೂರಿಸಿದೆ. ಚೈನು ಏರಿಸಿದೆ. ಅಚ್ಚು ತೂರಿಸಿ, ವಾಷರ್ ಹಾಕಿ, ನಟ್ಟನ್ನು ಕೈಯಲ್ಲೇ ತಿರುಗಿಸಿ ಕೂರಿಸಿದೆ. ಅದನ್ನು ಆಗಲೇ ಬಿಗಿಯುವಂತಿಲ್ಲ. ಮೊದಲು ಚೈನಿನ ಎಳೆತ ನೋಡಬೇಕು, ಅಚ್ಚು ಕೂರುವ ಎರಡೂ ಕಡೆ ಕೊರೆದಿರುವ ಅಳತೆಯ ಗೀಟು ಸಮ ಇದೆಯಾ ನೋಡಬೇಕು, ಇಲ್ಲದಿದ್ದರೆ ಚಕ್ರ ಸೊಟ್ಟ ಕೂರುತ್ತದೆ. ಗೀಟು ನೋಡುವುದಕ್ಕೆ ನಾನು ತಲೆ ನೆಲಕ್ಕೆ ತಾಗಿಸಿ ಬಗ್ಗಿದ್ದೆ.

"ಗಂಟ ಎಷ್ಟ್ಲಾ?" ಅಂದಳು ಅಜ್ಜಿ. ಗಡಿಯಾರ ನೋಡಿಕೊಂಡೇ ಕೇಳಿದಳು.

"ಅತ್ತೂಕಾಲು."

"ಅತ್ತೂವರಗ ರಾವುಕಾಲ ಕಣ್ ಮೊಗ. ಅದ್ರೊಳ್ಗ ಮನ ಬುಡ್ಬೇಕು."

"ಮಾವ ಇನ್ನೂ ನೀರೇ ಉಯ್ಕಂಡಿಲ್ಲ ಅಜ್ಜಿ."

"ಅವ್ನು ಆಮ್ಯಾಲ ಓಗ್ಲಿ. ಪರಸ್ತಾನ ಇಟ್ಬುಡವ."

ನಮ್ಮ ಕಡೆ ಹಳೆಯವರಿಗೆ ಇದು ಗೊತ್ತು. ಒಳ್ಳೆಯ ಹೊತ್ತಿನಲ್ಲಿ ಮನುಷ್ಯ ಹೊರಡಲಾಗದಿದ್ದರೆ ಅವನದೊಂದು ವಸ್ತುವನ್ನು ಹೊರಡಿಸಿ ಬೇರೆಯವರ ಮನೆಯಲ್ಲಿ ಇಡುತ್ತಾರೆ. ಅಲ್ಲಿಗೆ ಅವನು ಹೊರಟ ಹಾಗೆಯೇ. ಆಮೇಲೆ ಅವನು ಊಟ ಮಾಡಿ, ಬಟ್ಟೆ ಹಾಕಿಕೊಂಡು, ಯಾವ ಹೊತ್ತಿನಲ್ಲಾದರೂ ಹೋಗಬಹುದು. ಒಂದೇ ಕಟ್ಟು: ಹೊರಟಾಗಿದೆಯಲ್ಲ, ಇನ್ನೊಂದು ಸಲ "ಹೋಗಿಬರ್ತೀನಿ" ಅನ್ನುವಂತಿಲ್ಲ. ಸುಮ್ಮನೆ ಎದ್ದು ನಡೆಯಬೇಕು. ಹತ್ತನೇ ಕ್ಲಾಸಿನ ಪರೀಕ್ಷೆಗೆ ನನ್ನ ಪೆನ್ನು ನನಗಿಂತ ಎರಡು ಗಂಟೆ ಮೊದಲೇ ಹೊರಟು ಎದುರುಮನೆ ದೊಡ್ಡವ್ವನ ಕಿಟಕಿಯಲ್ಲಿ ಕೂತಿತ್ತು.

"ಟವಲ್ ಇಟ್ರ ಆಗಲ್ವಾ?" ಅಂದೆ.

"ಇಷ್ಟ್ ದಿನ ಟವಲ್ಲೇ ಕಳ್ಸಿದ್ದು. ಏನಾಯ್ತು?" ಅಂದಳು ಅಜ್ಜಿ. "ಈ ಸಲ ಗಾಡಿಯೇ ಓಗ್ಲಿ."

"ಇನ್ನೂ ನಟ್ಟು ಬಿಗ್ದಿಲ್ಲ," ಅಂತ ನಾನು ಹೇಳಿದ್ದಂತೂ ನಿಜ. "ಅಲ್ಲೇ ಬಿಗೀವಂತ, ತಳ್ಳು," ಅಂತ ಅವಳು ಅಂದದ್ದೂ ನಿಜ. ಹತ್ತು ಹೆಜ್ಜೆ ತಳ್ಳುವುದಕ್ಕೆ ಕೈಬಿಗಿ ಸಾಕು ಅನ್ನಿಸಿತು. ನಾನು ಹ್ಯಾಂಡಲ್ ಹಿಡಿದೆ, ಮಾವ ಹಿಂದಿನಿಂದ ದಬ್ಬಿದ.

ಗಾಡಿ ಅಲುಗಿದ್ದೇ ತಡ, ಅಜ್ಜಿ ಅವರೆಕಾಯಿ ಮೊರ ಎತ್ತಿಕೊಂಡು ಒಳಕ್ಕೆ ನಡೆದಳು. ತಾತ ತೀರಿಕೊಂಡ ಮೇಲೆ, ಮನೆಯಿಂದ ಯಾರು ಯಾವ ಒಳ್ಳೆ ಕೆಲಸಕ್ಕೆ ಹೊರಟರೂ ಅವಳು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಎದುರಾಗಬಾರದು ಅಂತ. ಹಾಗೆ ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಬೇಡ ಅಂತಲೂ ಯಾರೂ ಹೇಳಿರಲಿಲ್ಲ. ಒಳಗೆ ಹೋಗಿ ಸುಮ್ಮನೆ ಪಾತ್ರೆ ಎತ್ತಿಡುತ್ತಾಳೆ, ಆ ಸದ್ದಿನಲ್ಲಿ ಅವಳು ಅಲ್ಲಿದ್ದಾಳೆ ಅಂತ ಗೊತ್ತಾಗುತ್ತದೆ.

ಗಾಡಿ ಅಂಗಳ ದಾಟುವಾಗ ಮಾವ ಬಾಯಿಯ ನೊರೆ ಉಗುಳಿ, ಅಡುಗೆಮನೆಯ ಕಡೆ ತಿರುಗಿ, "ಬತ್ತೀನಿ ಕಣವ್ವಾ," ಅಂದ.

ಪಾತ್ರೆ ಸದ್ದು ನಿಂತಿತು. "ಊ. ಓಗ್ಬುಟ್ಟು ಬಾ."

ಹೊರಟದ್ದು ಹೀಗೆ. ಆಮೇಲೆ ಮಾವ ವಾಪಸು ಬಂದು ಬಚ್ಚಲಿಗೆ ಹೋದ. ಗಾಡಿ ಎದುರುಮನೆಯ ಮುಂದೆ ಸ್ಟ್ಯಾಂಡ್ ಹಾಕಿಕೊಂಡು, ಕೀಲಿ ಸಮೇತ, ಹೊರಟು ನಿಂತಿತ್ತು.

ನಾನು ಸ್ಪ್ಯಾನರು, ಚಿಪ್ಪು ತೆಗೆದುಕೊಂಡು ಹೋಗೋಣ ಅಂತ ಅಂಗಳಕ್ಕೆ ಬಂದೆ. ಅಜ್ಜಿ ಒಳಗಿನಿಂದ, "ಲೇ, ಕರೆಂಟು ಈಗ ಓಯ್ತದ, ಮೊದ್ಲು ಅವನ್ ಶರ್ಟ್‌ಗ ಇಸ್ತ್ರಿ ಆಕ್ಬುಡು," ಅಂದಳು. ದಿನವೂ ಆ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಬಿಳಿ ಶರ್ಟು. ನನ್ನ ಕೈತುಂಬ ಚೈನಿನ ಜಿಡ್ಡು. ಹಿತ್ತಲಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆದೆ. ಈಗ ಯೋಚಿಸಿದರೆ ನಾನು ಮರೆತದ್ದು ಅಲ್ಲೇ. ಅಷ್ಟು ಚೆನ್ನಾಗಿ ಕೈ ತೊಳೆದವನಿಗೆ ಕೆಲಸ ಬಾಕಿ ಇದೆ ಅಂತ ಹೇಗೆ ಅನ್ನಿಸಬೇಕು? ಇಸ್ತ್ರಿ ಹಾಕಿದೆ. ಕಾಲರಿನ ಹತ್ತಿರ ಗುಂಡಿ ಸಡಿಲವಾಗಿತ್ತು, ಅಜ್ಜಿ ದಾರ ಹಾಕಿ ಬಿಗಿದುಕೊಟ್ಟಳು. ಮಾವ ಬಂದು ತೊಟ್ಟುಕೊಂಡ, ಕನ್ನಡಿಯಲ್ಲಿ ಒಂದು ಸಲ ಬಲಗಡೆ ಒಂದು ಸಲ ಎಡಗಡೆ ನೋಡಿಕೊಂಡ.

"ಎಂಗದ ಅಳಿಮಯ್ಯ?"

"ಮಾಸ್ಟ್ರು ಇದ್ದಂಗ ಇದ್ದೀಯ."

"ಬ್ಯಾಡ ಕಣ್ಲಾ, ಆಮೇಲ ಕೆಲ್ಸ ಅದ ಅಂದ್ಕಂಡಾರು," ಅಂದ.

ನಾನು ನಗುತ್ತ ಇಸ್ತ್ರಿಪೆಟ್ಟಿಗೆ ತೆಗೆದಿಡಲು ಒಳಗೆ ಹೋದೆ. ಅವನು ಕಟ್ಟಿನ ಪ್ರಕಾರ ಯಾರಿಗೂ ಏನೂ ಹೇಳದೆ ನಡೆದ. ಹೇಳಿ ಹೊರಡುವ ಪದ್ಧತಿ ಇದ್ದಿದ್ದರೆ ನಾನೂ ಬಾಗಿಲಿಗೆ ಬರುತ್ತಿದ್ದೆ, ಗಾಡಿ ನೋಡುತ್ತಿದ್ದೆ, ನೆನಪಾಗುತ್ತಿತ್ತೋ ಏನೋ. ನನಗೆ ಕೇಳಿದ್ದು ಗಾಡಿ ಸ್ಟಾರ್ಟ್ ಆದ ಸದ್ದು ಮಾತ್ರ. ಸದ್ಯ ಹೊರಟನಲ್ಲ ಅಂದುಕೊಂಡೆ. ಗೋಣಿಚೀಲ ಮಡಿಚಿಡೋಣ ಅಂತ ಅಂಗಳಕ್ಕೆ ಬಂದೆ.

ಚೀಲದ ಮೇಲೆ ದೊಡ್ಡ ಸ್ಪ್ಯಾನರು. ಅದರ ಪಕ್ಕ ಚಿಪ್ಪು. ಚಿಪ್ಪಿನಲ್ಲಿ ಹೊಸ ಪಿನ್ನು.

ಎರಡನ್ನೂ ಹಿಡಿದು ಬೀದಿಗೆ ಓಡಿದೆ. ಆ ವಾರ ನೀರಿನ ಪೈಪು ಹಾಕಲು ನಮ್ಮ ಬೀದಿಯನ್ನು ಅಡ್ಡಡ್ಡ ಅಗೆದಿದ್ದರು. ಮಾವ ಮೂರನೇ ಗುಂಡಿಯ ಮೇಲೆ ಹಾಸಿದ್ದ ಹಲಗೆಯ ಮೇಲೆ ಎರಡೂ ಕಾಲು ನೆಲಕ್ಕೆ ಕೊಟ್ಟುಕೊಂಡು ಗಾಡಿಯನ್ನು ನಿಧಾನ ದಾಟಿಸುತ್ತಿದ್ದ. ಅಲ್ಲಿಂದ ಹಾಲಿನ ಡೈರಿಯ ತಿರುವಿಗೆ ನೂರು ಹೆಜ್ಜೆ. ತಿರುಗಿದರೆ ಕೊಳ್ಳೇಗಾಲದ ರಸ್ತೆ. ರಸ್ತೆಗೆ ಬಿದ್ದರೆ ಅವನು ನಿಧಾನವಾಗಿ ಓಡಿಸುವವನಲ್ಲ.

ಕೂಗಲು ಬಾಯಿ ತೆರೆದೆ.

"ಲೇ ಲೇ ಲೇ!" ಎದುರುಮನೆ ದೊಡ್ಡವ್ವ ಎದ್ದೇ ನಿಂತಳು. "ಇಂದ್ಲಿಂದ ಕೂಗ್ಬ್ಯಾಡ ಕಣ್ಲಾ! ಎಣ್ಣು ನೋಡಕ ಓಯ್ತಾ ಅವ್ನ!"

ಹೇಳಿದರೆ ಯಾರೂ ನಂಬುವುದಿಲ್ಲ, ನಾನು ಬಾಯಿ ಮುಚ್ಚಿದೆ. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಪಿನ್ನು, ಇಪ್ಪತ್ನಾಲ್ಕು ವರ್ಷದ ಓದಿದ ಗಂಡಸು. ಹೊರಟವರನ್ನು ಹಿಂದಿನಿಂದ ಕೂಗಿದರೆ ಹೋದ ಕೆಲಸ ಕೆಡುತ್ತದೆ ಅನ್ನುವುದು ನನಗೆ ನಡೆಯುವುದಕ್ಕೂ ಮೊದಲು ಕಲಿಸಿದ ಮಾತು. ಅದು ತಲೆಯಲ್ಲಿ ಇರಲಿಲ್ಲ, ಗಂಟಲಲ್ಲೇ ಇತ್ತು.

"ಅವನ್ ಗಾಡಿ ಚಕ್ರ ಬಿಗ್ದಿಲ್ಲ ದೊಡ್ಡವ್ವ!"

"ಅಯ್ಯೋ! ಓಡೋಗಿ ಮುಂದ್ಗಡ್ಯಿಂದ ಅಡ್ಡ ಆಕು ಮತ್ತ!"

"ಅಷ್ಟೊತ್ಗ ಓಗ್ಬುಟ್ಟಿರ್ತನ. ಫೋನ್ ಮಾಡ್ಲಾ? ಫೋನ್ ಮಾಡುದ್ರ ಇಂದ್ಲಿಂದ ಕೂಗ್ದಂಗ ಆಯ್ತದಾ?"

ದೊಡ್ಡವ್ವ ನಿಜವಾಗಿಯೂ ಯೋಚಿಸಿದಳು. "ಮೊಬೈಲ್ಗ ಇಂದು ಮುಂದು ಎಲ್ಲದ? ಮಾಡ್ ಮಾಡು."

ಮಾಡಿದೆ. ಮಾವನ ಫೋನು ನಮ್ಮ ಮನೆಯ ಕಿಟಕಿಯಲ್ಲೇ ಹಾಡತೊಡಗಿತು. ಚಾರ್ಜಿಗೆ ಹಾಕಿ ಮರೆತು ಹೋಗಿದ್ದ. ಅದನ್ನು ಕೈಯಲ್ಲಿ ಹಿಡಿದು ಅಜ್ಜಿ ಹೊಸಲಿಗೆ ಬಂದಳು.

"ನಿನ್ ಪಟವೇ ಬತ್ತಾ ಅದಲ್ಲ ಮೊಗ, ಇದೇನು ಇಲ್ಲಿಂದ ಇಲ್ಗೇ ಫೋನು?"

"ಅಜ್ಜಿ, ಗಾಡಿ ಇಂದಿನ್ ಚಕ್ರ ಬಿಗ್ದಿಲ್ಲ. ನಾ ಮರ್ತುಬುಟ್ಟಿ."

"ಬಿಗೀದಿದ್ರ ಏನಾಯ್ತದ?"

"ಕಳಚ್ಕತದ."

"ಯಾವಾಗ?"

"ಗೊತ್ತಿಲ್ಲ ಅಜ್ಜಿ. ಓಯ್ತಾ ಓಯ್ತಾ."

ಅಜ್ಜಿ ಜಗಲಿ ಇಳಿದಳು, ಅಂಗಳ ದಾಟಿದಳು, ಬೀದಿಯ ನಡುವೆ ಹೋಗಿ ನಿಂತಳು. ದೊಡ್ಡವ್ವ, "ಅಕ್ಕಾ, ನೀನು..." ಅಂತ ಅಂದು ಅಲ್ಲಿಗೇ ನಿಲ್ಲಿಸಿದಳು. ಅಜ್ಜಿ ಕೂಗಿದಳು.

"ಲೋ ಮೊಗಾ! ನಿಂತ್ಕಳ್ಳಾ! ನಿಂತ್ಕೋ!"

ನಾನು ಚಿಕ್ಕವನಿದ್ದಾಗ ಮಧ್ಯಾಹ್ನ ಬುತ್ತಿ ತಂದು ಗದ್ದೆಯ ಈ ತುದಿಯಿಂದ ಆ ತುದಿಗೆ ತಾತನನ್ನು ಕರೆಯುತ್ತಿದ್ದ ಗಂಟಲು ಅದು. ಅಷ್ಟು ವರ್ಷ ಎಲ್ಲಿ ಇಟ್ಟಿದ್ದಳೋ. ಡೈರಿಯ ಹತ್ತಿರ ಕ್ಯಾನು ತೊಳೆಯುತ್ತಿದ್ದವರೂ ಕೈ ನಿಲ್ಲಿಸಿ ಈ ಕಡೆ ನೋಡಿದರು. ಮಾವ ತಿರುವಿನಲ್ಲಿ ಕಾಲು ಕೊಟ್ಟು ನಿಂತ. ತಿರುಗಿ ನೋಡಿ, ಬೀದಿಯ ನಡುವೆ ಯಾರು ನಿಂತಿರುವುದು ಅಂತ ಕಂಡ ಮೇಲೆ ಗಾಡಿ ಆಫ್ ಮಾಡಿದ.

ನಾನು ಓಡಿ ಹೋದೆ. ನಟ್ಟಿಗೆ ಕೈ ಹಾಕಿದರೆ ಎರಡು ಬೆರಳಿನಲ್ಲಿ ತಿರುಗಿತು. ಅಷ್ಟೇ. ಬೇರೇನೂ ಆಗಿರಲಿಲ್ಲ.

"ಏನ್ಲಾ ಇದು?" ಅಂದ ಮಾವ.

"ನೀ ಮಾತಾಡ್ಬ್ಯಾಡ, ಸ್ಟ್ಯಾಂಡ್ ಆಕು."

ಡೈರಿಯ ಮುಂದೆಯೇ ಕೆಲಸ ಮುಗಿಸಿದೆ. ಚೈನನ್ನು ಬೆರಳಿನಲ್ಲಿ ಎತ್ತಿ ಎಳೆತ ನೋಡಿದೆ, ಎರಡೂ ಕಡೆ ಗೀಟು ಎಣಿಸಿ ಸಮ ಮಾಡಿದೆ. ಸ್ಪ್ಯಾನರು ಹಾಕಿ ಕೈಯಲ್ಲಿ ಎಳೆಯುವಷ್ಟು ಎಳೆದು, ಆಮೇಲೆ ಹಿಮ್ಮಡಿಯಲ್ಲಿ ಒತ್ತಿದೆ. ಹಲ್ಲಿನ ಸಂದಿ ತೂತಿಗೆ ಒಂದು ಕೂದಲಷ್ಟರಲ್ಲಿ ಕೂಡಲಿಲ್ಲ. ಅಂಥ ಹೊತ್ತಿನಲ್ಲಿ ಹಿಂದಕ್ಕೆ ಸಡಿಲ ಬಿಡಬಾರದು, ಮುಂದಿನ ಸಂದಿಗೇ ಬಿಗಿಯಬೇಕು. ಇನ್ನೊಂದು ಸಲ ಕಾಲಿನಲ್ಲಿ ಒತ್ತಿದೆ, ಕೂಡಿತು. ಪಿನ್ನು ತೂರಿಸಿ ಡೈರಿಯವರ ಇಕ್ಕಳ ತೆಗೆದುಕೊಂಡು ಎರಡು ಕಾಲನ್ನೂ ಮಡಿಚಿದೆ.

"ಏನ್ ಮದ್ಲಿಂಗ, ಎಣ್ಣು ಡೈರಿಲೇ ಸಿಕ್ಬುಡ್ತಾ?" ಅಂದ ಕ್ಯಾನು ತೊಳೆಯುವವನೊಬ್ಬ.

"ನಿನ್ ಎಮ್ಮ ನೋಡಕ ಬಂದಿ ಕಣ್ಲಾ," ಅಂದ ಮಾವ. ಅವನ ಮುಖದಲ್ಲಿ ನಗು ಇರಲಿಲ್ಲ.

ಪಿನ್ನು ಹಾಕಿದ ಮೇಲೆ ಮಾವ ನೇರ ಹೊರಡುವ ಅಂದಾಜಿನಲ್ಲಿದ್ದ. ಹನ್ನೊಂದು ಆಗಿರಲಿಲ್ಲ, ಒತ್ತಿ ಹೊಡೆದರೆ ಹೊತ್ತಿಗೆ ಮುಟ್ಟುತ್ತಿದ್ದ. ಅಷ್ಟರಲ್ಲಿ ಅಜ್ಜಿ ಹಲಗೆ ದಾಟಿಕೊಂಡು ಬಂದಳು.

"ಮನ್ಗ ಬಾ," ಅಂದಳು.

"ಆಯ್ತಲ್ಲವ್ವ, ಬಿಗ್ದಾಯ್ತು."

"ನಾ ಕೂಗಾಯ್ತು. ಓಂಟಿದ್ದು ಕೆಟ್ಟೋಯ್ತು. ಬಂದು ಕೂತ್ಕಂಡು ನೀರ್ ಕುಡ್ದು, ರಾವುಕಾಲ ಕಳ್ಕಂಡು ತಿರ್ಗ ಓಂಡು."

"ಅನ್ನೆರಡ್ ಗಂಟ ಆಯ್ತದ ಕಣವ್ವ! ಆಯಪ್ಪ ಎರಡ್ ಗಂಟಗ ಲಾರಿ ಅತ್ತುತನ! ಕೂಗವ್ಳೂ ನೀನೇ, ಕೆಟ್ಟೋಯ್ತು ಅನ್ನವ್ಳೂ ನೀನೇ!"

ಅವನು ತನ್ನ ಅವ್ವನ ಮೇಲೆ ದನಿ ಏರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡೈರಿಯವರು ಕ್ಯಾನು ತೊಳೆಯುವುದರಲ್ಲಿ ಬಹಳ ಮಗ್ನರಾದರು.

ಅಜ್ಜಿ ದನಿ ಏರಿಸಲಿಲ್ಲ. "ಕೂಗ್ದೆ ಇದ್ದಿದ್ರ ಈಗ ನೀ ಎಲ್ಲಿರ್ತಿದ್ದೆ?" ಅಂದಳು. ಮಾವ ಗಾಡಿ ತಿರುಗಿಸಿದ.

ಮನೆಗೆ ಬಂದು ಅವನು ಜಗಲಿಯ ಮೇಲೆ ಕೂತ. ಬಿಳಿ ಶರ್ಟು ಮುದುರದ ಹಾಗೆ ಗೋಡೆಗೆ ಒರಗದೆ ಕೂತಿದ್ದ. ನಾನು ಅವನ ಕಣ್ಣು ತಪ್ಪಿಸಿ, ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅಜ್ಜಿ ಒಲೆಯ ಮುಂದೆ ಕೂತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ.

"ತಪ್ಪು ನಂದು ಅಜ್ಜಿ," ಅಂದೆ.

"ನಿಂದ್ ಬುಡು, ಅದು ಬಿಗಿದ್ರ ಆಯ್ತು." ಆರಿದ ಒಲೆಯ ಬೂದಿ ಕೆದಕಿದಳು. "ಇಂದ್ಲಿಂದ ಕೂಗ್ದಿ. ರಾವುಕಾಲ್ದಲ್ಲಿ ಕೂಗ್ದಿ. ಕೂಗವ್ಳು ಬೇರ ನಾನು. ಮೂರ್ನೂ ಒಂದೇ ಸಲ ಮಾಡ್ಬುಟ್ಟಿ ಕಣ್ ಮೊಗ. ಇದೂ ಆಗ್ದೆ ಓದ್ರ ನಾನೇ ಕೆಡಿಸ್ದಂಗ ಆಯ್ತಲ್ಲ."

ಅಪ್ಪನಿಗೆ ಫೋನ್ ಮಾಡಿದೆ. ಅವರು ಆಗಲೇ ಹನೂರಿನಲ್ಲಿ ಹುಡುಗಿಯ ಮನೆಯ ಹತ್ತಿರವೇ ಇದ್ದರು. ಏನಾದರೊಂದು ನೆಪ ಹೇಳಿ ಅಂತ ನಾನು ಹೇಳಿದೆ. ನಮ್ಮಪ್ಪನಿಗೆ ನೆಪ ಹೇಳಲು ಬರುವುದಿಲ್ಲ. ಇದ್ದದ್ದನ್ನೇ ಹೇಳಿದರಂತೆ: ಹಿಂದಿನ ಚಕ್ರದ ಪಿನ್ನು ಹಾಕದೆ ಹೊರಟಿದ್ದ, ಅವರವ್ವ ಕೂಗಿ ನಿಲ್ಲಿಸಿದರು, ಹನ್ನೆರಡು ಕಳೆದು ಹೊರಡುತ್ತಾನೆ ಅಂತ. ಹತ್ತು ನಿಮಿಷಕ್ಕೆ ವಾಪಸು ಫೋನ್ ಬಂತು. "ನೋಡ್ಕಂಡೇ ಬರ್ಲಂತೆ. ಲೋಡು ಒಂದ್ ಗಂಟೆ ತಡ ಆದ್ರೂ ಪರವಾಗಿಲ್ಲ, ಲಾರಿ ಓನರ್ ಹತ್ರ ನಾನೇ ಮಾತಾಡ್ತೀನಿ ಅಂದ್ರು ಹುಡುಗಿ ಅಪ್ಪ," ಅಂದರು ಅಪ್ಪ.

ಹನ್ನೆರಡಕ್ಕೆ ಎರಡು ನಿಮಿಷ ಮೀರಿದ ಮೇಲೆ ಮಾವ ಒಂದು ಚೊಂಬು ನೀರು ಕುಡಿದು ಎದ್ದ. ಈ ಸಲ ನನ್ನನ್ನೂ ಹಿಂದೆ ಕೂರಿಸಿ ಕಳಿಸಿದಳು ಅಜ್ಜಿ, ಸ್ಪ್ಯಾನರನ್ನು ಬಟ್ಟೆ ಚೀಲದಲ್ಲಿ ಸುತ್ತಿಕೊಟ್ಟು. ಕಬ್ಬಿಣ ತೆಗೆದುಕೊಂಡು ಹೋಗಬಹುದಾ ಅಂತ ದೊಡ್ಡವ್ವ ಬೀದಿಯಾಚೆಯಿಂದ ಕೇಳಿದಳು. ನಾವು ಅಂಗಳ ದಾಟುವಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿತ್ತು.

ಕೊಳ್ಳೇಗಾಲ ದಾಟಿದೆವು. ಆಮೇಲೆ ಮಾವ ಕತ್ತು ತಿರುಗಿಸದೆ, "ಅವ್ವ ಊಟ ಮಾಡುದ್ಲಾ?" ಅಂದ. ಇಲ್ಲ ಅಂದೆ.

ಹುಡುಗಿಯ ಮನೆಯ ಮುಂದೆ ಅವಳ ಅಪ್ಪ ಖಾಕಿ ಶರ್ಟು ಹಾಕಿಕೊಂಡು, ಲಾರಿಗೆ ಹೊರಡಲು ಸಿದ್ಧವಾಗಿ ನಿಂತಿದ್ದರು. ಎತ್ತರದ ಮನುಷ್ಯ. ಬನ್ನಿ ಅನ್ನಲಿಲ್ಲ, ಹುಡುಗನ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಗಾಡಿಯ ಹಿಂದಕ್ಕೆ ಬಂದು, ಕುಕ್ಕರುಗಾಲಲ್ಲಿ ಕೂತು, ಪಿನ್ನನ್ನು ಬೆರಳಿನಲ್ಲಿ ಮುಟ್ಟಿ ಅಲುಗಿಸಿ ನೋಡಿದರು.

"ಯಾರು ಆಕಿದ್ದು?"

"ನಾನು," ಅಂದೆ.

"ಕಾಲು ಬಾಳ ಮಡಿಚಿದ್ದೀಯ. ಮುಂದ್ಲ ಸಲ ತಗ್ಯಕ ಓದ್ರ ಮುರಿತದ." ಎದ್ದು ಕೈ ಒರೆಸಿಕೊಂಡರು. "ಬಿಗಿ ಚೆನ್ನಾಗದ. ಬನ್ನಿ ಒಳಕ."

ಒಳಗೆ ಕಾಫಿ ಆಯಿತು, ಉಪ್ಪಿಟ್ಟು ಆಯಿತು, ನಮ್ಮ ಅಮ್ಮ ಹೂವು ಮುಡಿಸಿದರು. ಇಬ್ಬರೂ ಮಾತಾಡುವುದಿದ್ದರೆ ಮಾತಾಡಲಿ ಅಂದಾಗ ಮಾವ ನೆಲ ನೋಡಿಕೊಂಡು ಕೂತ. ಮಾತು ತೆಗೆದದ್ದು ಅವಳೇ. ಹೊಲಿಗೆ ಮಿಷನ್ನಿನ ಪಕ್ಕ ನಿಂತಿದ್ದಳು.

"ಇಂದ್ಲಿಂದ ಕೂಗುದ್ದು ಯಾರು?"

"ನಮ್ಮವ್ವ."

"ಓಂಟವ್ರನ್ನ ಕೂಗ್ಬಾರ್ದು ಅಂತಾರಲ್ವಾ?"

"ಅಂತಾರ. ಎಲ್ರಿಗಿಂತ ಜಾಸ್ತಿ ಅವ್ಳೇ ಅಂತಾಳ."

"ಆದ್ರೂ ಕೂಗುದ್ರು?"

"ಕೂಗುದ್ಲು," ಅಂದ ಮಾವ. ತಲೆ ಎತ್ತಿ, "ಈಗ ಊಟ ಬುಟ್ಕಂಡು ಕುಂತವ್ಳ, ಕೆಟ್ಟೋಯ್ತು ಅಂತ," ಅಂದ.

ಅವಳು ಒಳಗೆ ಹೋದಳು. ಅವಳ ಅಪ್ಪ ಲಾರಿ ಹತ್ತುವ ಮೊದಲು ನಮ್ಮಪ್ಪನ ಹತ್ತಿರ ಎರಡು ಮಾತು ಆಡಿ ಹೋದರು. ಒಪ್ಪಿಗೆ ಅಂತ ಅಪ್ಪ ಹೇಳಿದ ಕೂಡಲೇ ಮಾವ ಮಾಡಿದ ಮೊದಲ ಕೆಲಸ ಮನೆಗೆ ಫೋನ್ ಮಾಡಿದ್ದು. ಅವನ ಫೋನು ಈಗ ಜೇಬಿನಲ್ಲಿತ್ತು, ಮನೆಯಲ್ಲಿ ಬೇರೆ ಫೋನ್ ಇರಲಿಲ್ಲವಾದ್ದರಿಂದ ಎದುರುಮನೆ ದೊಡ್ಡವ್ವನಿಗೆ ಮಾಡಿದ. ಅವಳು ಬೀದಿಯ ಈ ಕಡೆಯಿಂದ ಆ ಕಡೆಗೆ ಕೂಗಿದ್ದು ನನಗೂ ಕೇಳಿಸಿತು: "ಅಕ್ಕಾ! ಉಣ್ಣು, ಉಣ್ಣು! ಒಪ್ಕಂಡವ್ರಂತ!"

ಮದುವೆ ಕೊಳ್ಳೇಗಾಲದ ಒಂದು ಛತ್ರದಲ್ಲಿ ನಡೆಯಿತು. ಅದಾಗಿ ಎರಡು ವಾರಕ್ಕೆ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹನೂರಿಗೆ ಹೊರಟರು. ಮಾವ ಗಾಡಿ ಸ್ಟಾರ್ಟ್ ಮಾಡಿ ಬೀದಿಯಲ್ಲಿ ನಿಂತಿದ್ದ. ಹೊಸ ಅತ್ತೆ ಹತ್ತಲಿಲ್ಲ. ಒಳಗಿನ ಪಾತ್ರೆ ಸದ್ದು ಕೇಳಿಸಿಕೊಂಡು ನಿಂತಳು.

"ಅತ್ತವ್ವ," ಅಂತ ಕರೆದಳು. "ಆಚ್ಗ ಬನ್ನಿ."

"ನೀವ್ ಓಗ್ಬುಟ್ಟು ಬನ್ನವ್ವ, ಕೆಲ್ಸ ಅದ," ಅಂದಳು ಅಜ್ಜಿ ಒಳಗಿನಿಂದಲೇ.

"ಬನ್ನಿ ಅತ್ತವ್ವ. ಏನಾದ್ರೂ ಮರ್ತಿದ್ರ ಕೂಗವ್ರು ಯಾರು?"

ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಹೊಸಲು ದಾಟಿ, ಅಂಗಳ ದಾಟಿ, ಬೀದಿಗೆ ಬಂದು ನಿಂತಳು. ಬಗ್ಗಿ ಹಿಂದಿನ ಚಕ್ರದ ಕಡೆ ನೋಡಿದಳು. ಅವಳಿಗೆ ಅಲ್ಲಿ ಏನು ನೋಡಬೇಕು ಅಂತ ಗೊತ್ತಿರಲಿಲ್ಲ, ಆದರೂ ನೋಡಿದಳು. ಅತ್ತೆ ಹಿಂದೆ ಹತ್ತಿ ಕೂತಳು. ಬೀದಿಯ ಗುಂಡಿಗಳನ್ನು ಅಷ್ಟರಲ್ಲಿ ಮುಚ್ಚಿದ್ದರು. ಗಾಡಿ ಡೈರಿಯ ತಿರುವು ದಾಟಿ ಕಾಣದಾಗುವವರೆಗೂ ಅಜ್ಜಿ ಅಲ್ಲೇ ನಿಂತಿದ್ದಳು.